ಗುಡಿಯ ಮುಂದೆ ನಿಂತು ಕಲಿಯಬೇಕಾದ ಪದಗಳು

ಅಂತರಾಳ, ಅಧಿಷ್ಠಾನ, ಆಮಲಕ, ಕಪೋತ, ಕೀರ್ತಿಮುಖ ಎಂದು ಅಕಾರಾದಿಯಾಗಿ ಬರೆದ ಪಟ್ಟಿಯನ್ನು ಮನೆಯಲ್ಲಿ ಕೂತು ಎಷ್ಟು ಸಲ ಓದಿದರೂ, ಗುಡಿಯ ಮುಂದೆ ನಿಂತಾಗ ಯಾವ ಹೆಸರು ಯಾವ ಕಲ್ಲಿನದು ಎಂಬುದು ಹೊಳೆಯುವುದಿಲ್ಲ. ಈ ಪದಗಳನ್ನು ಕಲಿಯಲು ಅಕ್ಷರಕ್ರಮಕ್ಕಿಂತ ಕಾಲು ನಡೆಯುವ ಕ್ರಮವೇ ಮೇಲು. ಹೊರಗಿನಿಂದ ಒಳಕ್ಕೆ ಹೋಗಿ, ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಮೂರ್ತಿಯನ್ನು ಕೈಗಳಿಂದ ಶುರುಮಾಡಿ ಓದಿ. ಪ್ರತಿ ಪದದ ಹಿಂದೆಯೂ ಒಂದು ಕೆಲಸವಿದೆ: ಒಂದು ಭಾಗ ಭಾರ ಹೊರುತ್ತದೆ, ಇನ್ನೊಂದು ಮಳೆನೀರನ್ನು ಗೋಡೆಯಿಂದ ದೂರ ಚೆಲ್ಲುತ್ತದೆ, ಮತ್ತೊಂದು ಒಳಗಿರುವ ದೇವರು ಯಾರೆಂದು ಬಾಗಿಲಲ್ಲೇ ತಿಳಿಸುತ್ತದೆ. ಆ ಕೆಲಸ ಕಣ್ಣಿಗೆ ಬಿದ್ದ ಮೇಲೆ ಹೆಸರು ಮರೆಯುವುದು ಕಷ್ಟ.

ಹೊರಡುವಾಗ ಗೆರೆಯಿಲ್ಲದ ಒಂದು ಸಣ್ಣ ಪುಸ್ತಕ, ಪೆನ್ಸಿಲ್, ಸಾಧ್ಯವಾದರೆ ಒಂದು ದುರ್ಬೀನು ಇಟ್ಟುಕೊಳ್ಳಿ. ದಿಕ್ಕು ನೋಡಲು ಫೋನಿನ ದಿಕ್ಸೂಚಿ ಸಾಕು. ನಡುಮಧ್ಯಾಹ್ನ ಹೋಗಬೇಡಿ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಮಾತ್ರ ಸಣ್ಣ ಕೆತ್ತನೆ ಎದ್ದು ಕಾಣುತ್ತದೆ. ಪೂಜೆ ನಡೆಯುವ ಗುಡಿಯಲ್ಲಿ ಫೋಟೊ ತೆಗೆಯುವ ಮೊದಲು ಅರ್ಚಕರನ್ನು ಕೇಳಿ. ಪೂಜೆ ಇರಲಿ ಬಿಡಲಿ, ಕೆತ್ತನೆಯ ಮೇಲೆ ಕೈಯಾಡಿಸಬೇಡಿ. ಬಳಪದ ಕಲ್ಲು ಮೆದು. ಸಾವಿರಾರು ಕೈಗಳು ಸವರಿ ಮೂಗು ತುಟಿಗಳೇ ಸವೆದುಹೋದ ಮೂರ್ತಿಗಳನ್ನು ನೋಡಿದರೆ ಸಂಕಟವಾಗುತ್ತದೆ.

ಮೊದಲ ಹೆಜ್ಜೆ: ದೂರ ನಿಂತು ತಳವಿನ್ಯಾಸ ಗುರುತಿಸಿ

ಬಾಗಿಲಿಗೆ ಧಾವಿಸದೆ ಅಂಗಳದ ಮೂಲೆಯೊಂದರಲ್ಲಿ ನಿಲ್ಲಿ. ಗುಡಿಯ ಮುಖ ಯಾವ ದಿಕ್ಕಿಗಿದೆ ಎಂದು ಬರೆದುಕೊಳ್ಳಿ. ಹೆಚ್ಚಿನವು ಪೂರ್ವಕ್ಕಿರುತ್ತವೆ. ಬೇರೆ ದಿಕ್ಕಿಗಿದ್ದರೆ ಅದಕ್ಕೊಂದು ಕಾರಣವನ್ನು ಹುಡುಕಬೇಕಾಗುತ್ತದೆ.

ಆಮೇಲೆ ಕಟ್ಟಡದ ಭಾಗಗಳನ್ನು ಹಿಂದಿನಿಂದ ಮುಂದಕ್ಕೆ ಎಣಿಸಿ. ದೇವರಿರುವ ಕೋಣೆ ಗರ್ಭಗೃಹ. ಅದರ ಮುಂದಿನ ಸಣ್ಣ ಕೋಣೆ ಅಂತರಾಳ; ನಮ್ಮಲ್ಲಿ ಅದನ್ನು ಸುಕನಾಸಿ ಎನ್ನುವ ರೂಢಿಯೂ ಇದೆ. ಅದರ ಮುಂದೆ ಕಂಬಗಳ ಹಜಾರ. ನಡುವೆ ನಾಲ್ಕು ಕಂಬ ನಿಲ್ಲಿಸಿ ಮಾಡನ್ನು, ಅಂದರೆ ಛಾವಣಿಯನ್ನು, ಒಂಬತ್ತು ಅಂಕಣಗಳಾಗಿ ಹಂಚಿದ್ದರೆ ಅದು ನವರಂಗ. ಎಲ್ಲಕ್ಕಿಂತ ಮುಂದಿನ ತೆರೆದ ಭಾಗ ಮುಖಮಂಟಪ. ಅದರ ಅಂಚಿನಲ್ಲಿ ಒರಗಿ ಕೂರುವಂತೆ ಕಟ್ಟಿದ ಕಲ್ಲಿನ ಜಗುಲಿಗೆ ಕಕ್ಷಾಸನ ಎಂದು ಹೆಸರು. ಗರ್ಭಗೃಹದ ಸುತ್ತ ಗೋಡೆಯೊಳಗೇ ಪ್ರದಕ್ಷಿಣೆಗೆ ದಾರಿ ಬಿಟ್ಟಿದ್ದರೆ ಗುಡಿ ಸಾಂಧಾರ, ಬಿಡದಿದ್ದರೆ ನಿರಂಧಾರ. ಪಟ್ಟದಕಲ್ಲಿನ ವಿರೂಪಾಕ್ಷ ಸಾಂಧಾರ ಗುಡಿ. ಹೊಯ್ಸಳರ ಗುಡಿಗಳು ಸಾಮಾನ್ಯವಾಗಿ ನಿರಂಧಾರ; ಅಲ್ಲಿ ಪ್ರದಕ್ಷಿಣೆಗೆ ಹೊರಗೆ ಎತ್ತರದ ಜಗತಿ ಇದೆ. ಗುಡಿಯ ಆಕಾರವನ್ನೇ ಅನುಸರಿಸಿ ಮೂಲೆಮೂಲೆಯಾಗಿ ಸಾಗುವ ಆ ಕಟ್ಟೆಯ ಮೇಲೆ ನಡೆಯುವವರಿಗೆ ಹೊರಗೋಡೆಯ ಶಿಲ್ಪಗಳೆಲ್ಲ ಕಣ್ಣಳತೆಯಲ್ಲೇ ಸಿಗುತ್ತವೆ.

ಗರ್ಭಗೃಹಗಳು ಎಷ್ಟು? ಒಂದಿದ್ದರೆ ಏಕಕೂಟ, ಎರಡಿದ್ದರೆ ದ್ವಿಕೂಟ, ಮೂರಿದ್ದರೆ ತ್ರಿಕೂಟ. ಬೇಲೂರಿನ ಚೆನ್ನಕೇಶವ ಏಕಕೂಟ, ಹಳೇಬೀಡಿನ ಹೊಯ್ಸಳೇಶ್ವರ ದ್ವಿಕೂಟ, ಸೋಮನಾಥಪುರದ ಕೇಶವ ತ್ರಿಕೂಟ. ಹಾಸನದ ಹತ್ತಿರ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯಲ್ಲಿ ನಾಲ್ಕಿವೆ, ಅದು ಚತುಷ್ಕೂಟ. ಹಿಂಭಾಗ ಕಮಾನಿನಂತೆ ದುಂಡಗಿದ್ದರೆ ಗಜಪೃಷ್ಠ. ಇದಕ್ಕೆ ಐಹೊಳೆಯ ದುರ್ಗ ದೇವಾಲಯಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಅಲ್ಲಿನ ದುರ್ಗ ಎಂಬ ಹೆಸರು ಬಂದಿರುವುದು ಕೋಟೆಯಿಂದ. ದೇವಿಯ ಗುಡಿಯೆಂದು ಭಾವಿಸಿ ಒಳಗೆ ಹೋದರೆ ಲೆಕ್ಕವೆಲ್ಲ ತಪ್ಪುತ್ತದೆ.

ದೊಡ್ಡ ಗುಡಿಯಾದರೆ ಸುತ್ತಲಿನ ಆವರಣದ ಗೋಡೆ ಪ್ರಾಕಾರ, ಅದರ ಹೆಬ್ಬಾಗಿಲು ಮಹಾದ್ವಾರ. ಒಳ ಬಂದರೆ ಬಲಿಪೀಠ, ಧ್ವಜಸ್ತಂಭ, ಗರುಡಗಂಬ ಅಥವಾ ನಂದಿಮಂಟಪ, ಮತ್ತು ಮೆಟ್ಟಿಲಿಳಿದು ಹೋಗುವ ಕಲ್ಯಾಣಿ. ಇವನ್ನು ಹುಡುಕುವುದು ಸುಲಭ, ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಎರಡನೆಯ ಹೆಜ್ಜೆ: ತಲೆಯೆತ್ತಿ ಶಿಖರ ನೋಡಿ

ಗೊಂದಲ ಹೆಚ್ಚಾಗಿರುವುದು ಇಲ್ಲಿಯೇ, ಹಾಗಾಗಿ ನಿಧಾನವಾಗಿ ಹೋಗೋಣ. ಮಾತಿನಲ್ಲಿ ನಾವು ಎತ್ತರದ ಯಾವುದನ್ನಾದರೂ ಗೋಪುರ ಎಂದುಬಿಡುತ್ತೇವೆ. ಶಾಸ್ತ್ರದ ಬಳಕೆಯಲ್ಲಿ ಗೋಪುರವಿರುವುದು ಬಾಗಿಲ ಮೇಲೆ. ಗರ್ಭಗೃಹ ಮತ್ತು ಅದರ ಮೇಲಿನ ಎತ್ತರ ಎರಡೂ ಸೇರಿ ವಿಮಾನ. ತಂಜಾವೂರಿನ ಬೃಹದೀಶ್ವರದಲ್ಲಿ (1010) ಆಕಾಶಕ್ಕೇರಿರುವುದು ವಿಮಾನ, ಬಾಗಿಲ ಗೋಪುರಗಳು ಅದಕ್ಕಿಂತ ಎಷ್ಟೋ ಗಿಡ್ಡ. ಮುಂದಿನ ಶತಮಾನಗಳಲ್ಲಿ ಇದು ತಿರುಗುಮುರುಗಾಯಿತು. ಹಳೆಯ ಗರ್ಭಗೃಹವನ್ನು ಮುಟ್ಟದೆ ಹೊರಹೊರಗೆ ಪ್ರಾಕಾರಗಳನ್ನು ಕಟ್ಟುತ್ತಾ ಹೋದಂತೆ ಗೋಪುರಗಳು ಬೆಳೆದವು. ಶ್ರೀರಂಗದಲ್ಲಿ ಅತ್ಯಂತ ಎತ್ತರದ ರಾಜಗೋಪುರವೇ ಎಲ್ಲಕ್ಕಿಂತ ಹೊರಗಿದೆ. ಅದು ಪೂರ್ಣಗೊಂಡದ್ದು 1987ರಲ್ಲಿ.

ಶಿಖರ ಎಂಬುದಕ್ಕೂ ಎರಡು ಬಳಕೆಗಳಿವೆ. ಉತ್ತರದ ನಾಗರ ಪದ್ಧತಿಯಲ್ಲಿ ಗೋಡೆಯ ಮೇಲಿನ ಇಡೀ ಎತ್ತರವೇ ಶಿಖರ. ದ್ರಾವಿಡ ಪದ್ಧತಿಯಲ್ಲಿ ತುತ್ತತುದಿಯ ಗುಮ್ಮಟದಂಥ ಭಾಗ ಮಾತ್ರ ಶಿಖರ. ಅದರ ಕೆಳಗಿನ ಕತ್ತು ಗ್ರೀವ, ಕತ್ತಿನ ಕೆಳಗಿನ ಅಂತಸ್ತುಗಳು ತಲ. ತುದಿಯಲ್ಲಿ ಎರಡರಲ್ಲೂ ಕಲಶ, ದ್ರಾವಿಡದಲ್ಲಿ ಅದಕ್ಕೆ ಸ್ತೂಪಿ ಎಂದೂ ಹೇಳುತ್ತಾರೆ.

ನಾಗರವನ್ನು ಗುರುತಿಸುವುದು ಹೀಗೆ: ಕೆಳಗಿನಿಂದ ಮೇಲಿನವರೆಗೆ ಗೆರೆಗಳು ಒಳಬಾಗುತ್ತಾ ಏರುತ್ತವೆ, ತುದಿಯಲ್ಲಿ ನೆಲ್ಲಿಕಾಯಿಯ ಹಾಗೆ ಸೀಳುಗಳಿರುವ ಚಪ್ಪಟೆ ಗುಂಡುಗಲ್ಲು, ಅದೇ ಆಮಲಕ. ಗೋಡೆ ಹೊರಚಾಚಿದ ಪಟ್ಟಿಗಳನ್ನು ಎಣಿಸಿದರೆ ತ್ರಿರಥ, ಪಂಚರಥ, ಸಪ್ತರಥ ಎಂಬ ಹೆಸರುಗಳು ಸಿಗುತ್ತವೆ. ಒಂದೇ ಬಾಗುಗೆರೆಯ ಶಿಖರ ಲತಿನ. ಅದರ ಮೈಗೆ ಸಣ್ಣ ಸಣ್ಣ ಶಿಖರಗಳು ಒರಗಿ ಬೆಟ್ಟಸಾಲಿನಂತೆ ಏರಿದರೆ ಶೇಖರಿ. ಖಜುರಾಹೋದ ಕಂದರಿಯ ಮಹಾದೇವ ಎರಡನೆಯದಕ್ಕೆ ಉದಾಹರಣೆ. ಅಡ್ಡ ಪಟ್ಟಿಗಳನ್ನು ಮೆಟ್ಟಿಲಾಗಿ ಪೇರಿಸಿದ ಪಿರಮಿಡ್ಡಿನಂಥದು ಫಾಂಸನ. ದೊಡ್ಡಗದ್ದವಳ್ಳಿಯಲ್ಲಿ ಕಾಣುವ, ನಮ್ಮಲ್ಲಿ ಕದಂಬ ಶಿಖರ ಎಂದು ಕರೆಯುವ ಮಾದರಿ ಇದೇ ಬಳಗದ್ದು. ಒಡಿಶಾದವರಿಗೆ ಬೇರೆಯೇ ಪದಗಳಿವೆ: ಗರ್ಭಗೃಹದ ಮೇಲಿನದು ರೇಖಾ ದೇಉಳ, ಮುಂದಿನ ಮಂಟಪ ಜಗಮೋಹನ, ಅದರ ಮೆಟ್ಟಿಲು ಮಾಡು ಪೀಢಾ ದೇಉಳ. ಭುವನೇಶ್ವರಕ್ಕೆ ಹೋದಾಗ ಅಲ್ಲಿನ ಪದಗಳನ್ನೇ ಬಳಸಿ, ಅವು ಅಲ್ಲಿನ ಕಲ್ಲಿಗೆ ಸರಿಯಾಗಿ ಕೂರುತ್ತವೆ.

ದ್ರಾವಿಡದಲ್ಲಿ ಅಂತಸ್ತು ಅಂತಸ್ತಾಗಿ ಏರಿಕೆ. ಪ್ರತಿ ಅಂತಸ್ತಿನ ಅಂಚಿನಲ್ಲಿ ಪುಟಾಣಿ ಗುಡಿಗಳ ಸಾಲು ಇರುತ್ತದೆ, ಅದಕ್ಕೆ ಹಾರ ಎಂದು ಹೆಸರು. ಸಾಲಿನ ಮೂಲೆಯಲ್ಲಿರುವ ಚೌಕದ್ದು ಕೂಟ, ನಡುವೆ ಬಂಡಿಯ ಕಮಾನು ಮುಚ್ಚಿದಂತೆ ಉದ್ದವಾಗಿರುವುದು ಶಾಲ, ಇವೆರಡರ ಮಧ್ಯೆ ಕಿರಿದಾಗಿ ಮುಖ ಚಾಚಿದ್ದು ಪಂಜರ. ಈ ಮೂರನ್ನು ಗುರುತಿಸಲು ಕಲಿತರೆ ಮಹಾಬಲಿಪುರದಿಂದ ಹಂಪಿಯವರೆಗಿನ ಯಾವ ವಿಮಾನವೂ ಅಪರಿಚಿತ ಎನಿಸುವುದಿಲ್ಲ.

ವೇಸರ ಎಂಬ ಮೂರನೆಯ ಹೆಸರಿನ ವಿಷಯದಲ್ಲಿ ನನ್ನ ಸಲಹೆ: ಅವಸರ ಬೇಡ. ದಕ್ಷಿಣದ ಶಿಲ್ಪಗ್ರಂಥಗಳಲ್ಲಿ ಈ ವಿಂಗಡಣೆ ಆಕಾರದ್ದು. ಚೌಕವಾದದ್ದು ನಾಗರ, ಎಂಟು ಅಥವಾ ಆರು ಮೂಲೆಯದು ದ್ರಾವಿಡ, ದುಂಡನೆಯದು ವೇಸರ. ಈಗಿನ ಬರಹಗಳಲ್ಲಿ ನಾಗರ ಮತ್ತು ದ್ರಾವಿಡ ಎರಡರ ಗುಣವನ್ನೂ ಬೆರೆಸಿದ ಕಲ್ಯಾಣ ಚಾಲುಕ್ಯ, ಹೊಯ್ಸಳ ಗುಡಿಗಳಿಗೆ ವೇಸರ ಎನ್ನುತ್ತಾರೆ. ವಿದ್ವಾಂಸರಲ್ಲೇ ಒಮ್ಮತವಿಲ್ಲ. ಆದ್ದರಿಂದ ಪುಸ್ತಕದಲ್ಲಿ ವೇಸರ ಎಂದಷ್ಟೇ ಬರೆದು ಮುಗಿಸದೆ, "ದ್ರಾವಿಡದ ಅಂತಸ್ತುಗಳಿವೆ, ಆದರೆ ನಡುವಿನ ಚಾಚು ಮೇಲಿನವರೆಗೆ ಒಂದೇ ಗೆರೆಯಲ್ಲಿ ಏರುತ್ತದೆ" ಎಂದು ಕಂಡದ್ದನ್ನು ಬರೆಯಿರಿ. ಹೊಯ್ಸಳ ಎಂಬುದು ರಾಜಮನೆತನದ ಹೆಸರು, ಶಿಖರದ ಬಗೆಯಲ್ಲ. ಹೊಯ್ಸಳರ ಕಾಲದಲ್ಲೇ ಫಾಂಸನವೂ ಕಟ್ಟಲಾಗಿದೆ, ದ್ರಾವಿಡ ಮೂಲದ್ದೂ ಕಟ್ಟಲಾಗಿದೆ. ಕಾಲವನ್ನೂ ಬಗೆಯನ್ನೂ ಬೇರೆ ಬೇರೆ ಸಾಲಿನಲ್ಲಿ ದಾಖಲಿಸಿ.

ಶಿಖರದ ಮುಂಭಾಗದಲ್ಲಿ ಅಂತರಾಳದ ಮೇಲೆ ಮೂಗಿನಂತೆ ಚಾಚಿಕೊಂಡದ್ದು ಶುಕನಾಸ. ಹೊಯ್ಸಳ ಗುಡಿಗಳಲ್ಲಿ ಸಿಂಹದೊಡನೆ ಹೋರಾಡುವ ವೀರನ ಲಾಂಛನ ಕೂರುವುದು ಇಲ್ಲಿ. ಬೇಲೂರು, ಹಳೇಬೀಡುಗಳ ಮುಖ್ಯ ಗುಡಿಗಳಲ್ಲಿ ಈಗ ಶಿಖರವೇ ಇಲ್ಲ. ಹಾಗಾಗಿ ಈ ಪಾಠಕ್ಕೆ ಸೋಮನಾಥಪುರವನ್ನೋ ಅಮೃತಪುರವನ್ನೋ ಆರಿಸಿಕೊಳ್ಳಿ.

ಮೂರನೆಯ ಹೆಜ್ಜೆ: ಗೋಡೆಯನ್ನು ಪಾದದಿಂದ ಮೇಲಕ್ಕೆ ಓದಿ

ಈಗ ಹತ್ತಿರ ಬನ್ನಿ. ಬಲಕ್ಕೆ ಗುಡಿಯಿರುವಂತೆ, ಅಂದರೆ ಪ್ರದಕ್ಷಿಣೆಯ ದಿಕ್ಕಿನಲ್ಲೇ ನಡೆಯಿರಿ. ಶಿಲ್ಪಿಗಳು ಕಥೆಗಳನ್ನು ಸಾಮಾನ್ಯವಾಗಿ ಜೋಡಿಸಿರುವುದೂ ಆ ದಿಕ್ಕಿನಲ್ಲೇ. ತಿರುಗಿ ನಡೆದರೆ ರಾಮಾಯಣ ಪಟ್ಟಾಭಿಷೇಕದಿಂದ ಶುರುವಾಗುತ್ತದೆ.

ನೆಲದಿಂದ ಏಳುವ ಪೀಠಭಾಗ ಅಧಿಷ್ಠಾನ. ಅದು ಒಂದೇ ಕಲ್ಲಿನ ಪಟ್ಟಿಯಲ್ಲ, ಹಲವು ಅಚ್ಚುಗಳ ಪೇರಿಕೆ. ಎಲ್ಲಕ್ಕಿಂತ ಕೆಳಗೆ ಉಪಾನ, ಅದರ ಮೇಲೆ ಓರೆಯಾದ ಅಥವಾ ನೇರವಾದ ದಪ್ಪ ಪಟ್ಟಿ ಜಗತಿ, ಉರುಟಾದ ಅಥವಾ ಮೂರು ಮುಖದ ಕುಮುದ, ಒಳಸೇರಿದ ಕಂಠ, ಹೊರಬಾಗಿದ ಕಪೋತ. ಗುಡಿ ನಿಂತ ಕಟ್ಟೆಗೂ ಅಧಿಷ್ಠಾನದ ಒಂದು ಅಚ್ಚಿಗೂ ಜಗತಿ ಎಂಬ ಒಂದೇ ಹೆಸರಿರುವುದರಿಂದ ಯಾವುದನ್ನು ಹೇಳುತ್ತಿದ್ದೀರಿ ಎಂದು ಸ್ಪಷ್ಟಪಡಿಸಿ. ಪುಸ್ತಕದಲ್ಲಿ ಈ ಅಚ್ಚುಗಳ ಅಡ್ಡಸೀಳು ಗೆರೆಯನ್ನು ಒಮ್ಮೆ ಎಳೆಯಿರಿ. ಹತ್ತು ಫೋಟೊ ಕಲಿಸದ್ದನ್ನು ಈ ಒಂದು ಗೆರೆ ಕಲಿಸುತ್ತದೆ. ಕೈ ಆ ಉಬ್ಬುತಗ್ಗನ್ನು ಅನುಸರಿಸುವಾಗ ಬಿಸಿಲು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಶಿಲ್ಪಿ ಮೊದಲೇ ಯೋಚಿಸಿದ್ದು ತಿಳಿಯುತ್ತದೆ.

ಹೊಯ್ಸಳರ ಮಾಗಿದ ಗುಡಿಗಳಲ್ಲಿ ಈ ಅಚ್ಚುಗಳ ಜಾಗಕ್ಕೆ ಕೆತ್ತನೆಯ ಅಡ್ಡಪಟ್ಟಿಕೆಗಳು ಬಂದವು. ಹಳೇಬೀಡಿನಲ್ಲಿ ಕೆಳಗಿನಿಂದ ಎಣಿಸಿ: ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣಕಥೆ, ಮೊಸಳೆಯಂಥ ಕಲ್ಪನೆಯ ಪ್ರಾಣಿ ಮಕರ, ಹಂಸ. ಸೋಮನಾಥಪುರದಲ್ಲಿ ಆರೇ ಇವೆ. ಅಲ್ಲಿ ಆನೆಯ ಮೇಲೆ ನೇರವಾಗಿ ಕುದುರೆ ಸವಾರರು ಬರುತ್ತಾರೆ. ಭಾರ ಹೊರುವ ಆನೆ ಎಲ್ಲಕ್ಕಿಂತ ಕೆಳಗಿರುವುದನ್ನು ಗಮನಿಸಿ.

ಅಧಿಷ್ಠಾನದ ಮೇಲಿನ ಗೋಡೆ ಭಿತ್ತಿ. ಅದರಲ್ಲಿ ಅರ್ಧ ಹುದುಗಿದಂತೆ ಕಾಣುವ ಕಂಬಗಳು ಅರ್ಧಸ್ತಂಭ, ಮೂರ್ತಿ ಕೂರಿಸುವ ಗೂಡು ದೇವಕೋಷ್ಠ, ಕೊಡದಿಂದ ಕಂಬವೊಂದು ಮೇಲೆದ್ದಂತೆ ಇರುವ ಅಲಂಕಾರ ಕುಂಭಪಂಜರ, ತೂತು ಕೊರೆದು ಗಾಳಿ ಬೆಳಕು ಬಿಟ್ಟ ಕಲ್ಲಿನ ಜಾಲರಿ ಜಾಲಂಧ್ರ. ಮಾಡಿನ ಅಂಚಿನಲ್ಲಿ ಕುದುರೆಲಾಳದ ಆಕಾರದ ಕಮಾನು ಮತ್ತೆ ಮತ್ತೆ ಕಾಣುತ್ತದೆ. ಅದು ಗವಾಕ್ಷ, ತಮಿಳುನಾಡಿನ ಕಡೆ ಕೂಡು ಎನ್ನುತ್ತಾರೆ. ಮರದ ಕಟ್ಟಡಗಳ ಕಿಟಕಿಯ ನೆನಪನ್ನು ಅದು ಕಲ್ಲಿನಲ್ಲಿ ಉಳಿಸಿಕೊಂಡಿದೆ. ಕಾರ್ಲೆಯ ಬೌದ್ಧ ಚೈತ್ಯದ ಮುಖದಲ್ಲಿ ಅದೇ ಕಮಾನು ದೊಡ್ಡದಾಗಿ ನಿಂತಿದೆ. ಗೋಡೆಗೂ ಮೇಲಂತಸ್ತಿಗೂ ನಡುವಿನ ಭಾಗ ಪ್ರಸ್ತರ. ಹೀಗೆ ಅಧಿಷ್ಠಾನ, ಭಿತ್ತಿ, ಪ್ರಸ್ತರ, ಗ್ರೀವ, ಶಿಖರ, ಸ್ತೂಪಿ ಎಂಬ ಆರು ಅಂಗಗಳಾದವು. ದ್ರಾವಿಡ ವಿಮಾನಕ್ಕೆ ಷಡಂಗ ಎನ್ನುವುದು ಇದಕ್ಕೇ.

ಗರ್ಭಗೃಹದ ಹೊರಗೆ, ಹೆಚ್ಚಾಗಿ ಉತ್ತರದ ಗೋಡೆಯಲ್ಲಿ, ಅಭಿಷೇಕದ ನೀರು ಹೊರಬೀಳುವ ಕಲ್ಲಿನ ದೋಣಿ ಇರುತ್ತದೆ. ಅದು ಪ್ರಣಾಲ ಅಥವಾ ಗೋಮುಖ. ದಿಕ್ಕು ಮರೆತುಹೋದಾಗ ಇದನ್ನು ಹುಡುಕಿ.

ನಾಲ್ಕನೆಯ ಹೆಜ್ಜೆ: ಬಾಗಿಲಲ್ಲಿ ನಿಲ್ಲಿ

ಬಾಗಿಲ ಚೌಕಟ್ಟಿನ ಎರಡೂ ಪಕ್ಕಗಳಲ್ಲಿ ಒಂದರೊಳಗೊಂದು ಇಳಿದ ಕೆತ್ತನೆಯ ಪಟ್ಟಿಗಳು ಶಾಖೆಗಳು. ಎಣಿಸಿ: ಮೂರಿದ್ದರೆ ತ್ರಿಶಾಖೆ, ಐದಿದ್ದರೆ ಪಂಚಶಾಖೆ. ಬುಡದಲ್ಲಿ ದ್ವಾರಪಾಲಕರು. ಉತ್ತರದ ಮತ್ತು ದಖ್ಖನದ ಹಳೆಯ ಗುಡಿಗಳಲ್ಲಿ ಮಕರದ ಮೇಲೆ ಗಂಗೆ, ಆಮೆಯ ಮೇಲೆ ಯಮುನೆ ನಿಂತಿರುತ್ತಾರೆ, ಒಳಗೆ ಹೋಗುವವರನ್ನು ಶುದ್ಧಗೊಳಿಸಲು. ಚೌಕಟ್ಟಿನ ನೆತ್ತಿಯ ನಡುವಿನ ಸಣ್ಣ ಶಿಲ್ಪ ಲಲಾಟಬಿಂಬ. ಅಲ್ಲಿ ಗರುಡನಿದ್ದರೆ ಕಟ್ಟಿಸಿದಾಗ ಒಳಗಿದ್ದದ್ದು ವಿಷ್ಣುವೆಂಬ ಊಹೆಗೆ ಬಲ ಬರುತ್ತದೆ, ಜಿನಬಿಂಬವಿದ್ದರೆ ಬಸದಿ. ಗಜಲಕ್ಷ್ಮಿ ಮಾತ್ರ ಶುಭಸೂಚಕವಾಗಿ ಎಲ್ಲ ಬಗೆಯ ಗುಡಿಗಳಲ್ಲೂ ಬರುತ್ತಾಳೆ, ಅವಳಿಂದ ತೀರ್ಮಾನಕ್ಕೆ ಬರುವಂತಿಲ್ಲ. ಈಗ ಪೂಜೆಗೊಳ್ಳುವ ದೇವರು ಬೇರೆ, ಲಲಾಟಬಿಂಬ ಹೇಳುವ ದೇವರು ಬೇರೆ ಆಗಿರುವ ಗುಡಿಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ. ಎರಡನ್ನೂ ಗೌರವದಿಂದ ಬರೆದುಕೊಳ್ಳಿ.

ಬಾಗಿಲ ಮೇಲೆ ಎರಡು ಮಕರಗಳ ಬಾಯಿಂದ ಹೊರಟು ನಡುವೆ ಕೂಡುವ ಕಮಾನು ಮಕರತೋರಣ. ನೆತ್ತಿಯಲ್ಲಿ ಕಣ್ಣರಳಿಸಿದ, ಕೆಳದವಡೆಯಿಲ್ಲದ ಮುಖ ಕೀರ್ತಿಮುಖ.

ಐದನೆಯ ಹೆಜ್ಜೆ: ಒಳಗೆ ಕಂಬ ಮತ್ತು ಛತ್ತು

ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಕೊಡಿ. ಒಂದು ಕಂಬ ಆರಿಸಿಕೊಂಡು ಕೆಳಗಿನಿಂದ ನೋಡಿ: ಪೀಠ, ಕಾಂಡ, ಗಂಟೆಯಾಕಾರದ ಭಾಗ, ಕೊಡದಂಥ ಕುಂಭ, ಅದರ ಮೇಲಿನ ಚಪ್ಪಟೆ ಫಲಕ, ಫಲಕದ ಮೇಲೆ ನಾಲ್ಕೂ ಕಡೆ ಚಾಚಿ ತೊಲೆ ಹೊರುವ ಬೋದಿಗೆ. ಬಳಪದ ಕಲ್ಲು ಅಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಕಾರಣ ಚಾಲುಕ್ಯ, ಹೊಯ್ಸಳ ಶಿಲ್ಪಿಗಳು ಕಂಬವನ್ನು ತಿರುಗಣೆಯಲ್ಲಿ ಕಡೆದು ಕನ್ನಡಿಯಂತೆ ನಯಗೊಳಿಸಿದರು. ಹಂಪಿಯ ಕಣಶಿಲೆಯಲ್ಲಿ (ಗ್ರಾನೈಟ್) ಅದು ಸಾಧ್ಯವಿರಲಿಲ್ಲ. ಅಲ್ಲಿ ಅದಕ್ಕೆ ಬದಲಾಗಿ ಒಂದೇ ಬಂಡೆಯಲ್ಲಿ ಮುಂಗಾಲೆತ್ತಿದ ವ್ಯಾಳಗಳೆಂಬ ಸಿಂಹದಂಥ ಕಲ್ಪನೆಯ ಮೃಗಗಳನ್ನೂ ಸಣ್ಣ ಕಂಬಗಳ ಗೊಂಚಲನ್ನೂ ಬಿಡಿಸಿದರು. ಬೇಲೂರಿನಲ್ಲಿ ಕಂಬದ ತಲೆಯಿಂದ ಮಾಡಿನ ಅಂಚಿಗೆ ಓರೆಯಾಗಿ ಒರಗಿರುವ ಸುಂದರಿಯರು ಮದನಿಕೆಯರು ಅಥವಾ ಶಿಲಾಬಾಲಿಕೆಯರು. ಕೆಲವು ಮದನಿಕೆಗಳ ಪೀಠದಲ್ಲಿ ಶಿಲ್ಪಿಯ ಹೆಸರೂ ಇದೆ. ಬಳ್ಳಿಗಾವೆಯ ದಾಸೋಜ ಹಾಗೆ ನಮಗೆ ಉಳಿದ ಹೆಸರು.

ಮೇಲೆ ಗುಮ್ಮಟದಂತೆ ಒಳಗುಳಿದ ಕೆತ್ತನೆಯ ಛತ್ತಿಗೆ ಭುವನೇಶ್ವರಿ ಎನ್ನುತ್ತಾರೆ. ಒಂಬತ್ತು ಚೌಕದ ಛತ್ತಿನಲ್ಲಿ ಸುತ್ತಲಿನ ಎಂಟರಲ್ಲಿ ಅಷ್ಟದಿಕ್ಪಾಲಕರು ಇದ್ದರೆ ವಾಹನಗಳಿಂದ ಹೊಂದಿಸಿ: ಪೂರ್ವಕ್ಕೆ ಆನೆಯೇರಿದ ಇಂದ್ರ, ಆಗ್ನೇಯಕ್ಕೆ ಟಗರಿನ ಮೇಲೆ ಅಗ್ನಿ, ದಕ್ಷಿಣಕ್ಕೆ ಕೋಣನೊಡನೆ ಯಮ, ನೈಋತ್ಯಕ್ಕೆ ಮನುಷ್ಯನ ಮೇಲೆ ನಿರೃತಿ, ಪಶ್ಚಿಮಕ್ಕೆ ಮಕರದ ಮೇಲೆ ವರುಣ, ವಾಯವ್ಯಕ್ಕೆ ಜಿಂಕೆಯ ಮೇಲೆ ವಾಯು, ಉತ್ತರಕ್ಕೆ ಕುಬೇರ, ಈಶಾನ್ಯಕ್ಕೆ ಎತ್ತಿನ ಮೇಲೆ ಈಶಾನ. ಕುಬೇರನ ವಾಹನ ಮಾತ್ರ ಕಡೆಕಡೆಗೆ ಬದಲಾಗುತ್ತದೆ.

ಆರನೆಯ ಹೆಜ್ಜೆ: ಮೂರ್ತಿಗೆ ಹೆಸರಿಡುವ ಮೊದಲು

ಮೂರ್ತಿಯನ್ನು ಕಂಡ ಕೂಡಲೇ ಹೆಸರು ಹೇಳುವ ಅಭ್ಯಾಸವನ್ನು ಬಿಡುವುದೇ ಈ ಕಲಿಕೆಯ ಅರ್ಧ. ಇದೇ ಅನುಕ್ರಮದಲ್ಲಿ ನೋಡಿ, ಹೆಸರನ್ನು ಕೊನೆಗೆ ಬರೆಯಿರಿ.

ಮೊದಲು ಭಂಗಿ. ನಿಂತಿದ್ದರೆ ಸ್ಥಾನಕ, ಕೂತಿದ್ದರೆ ಆಸೀನ, ಮಲಗಿದ್ದರೆ ಶಯನ. ನಿಂತ ಮೂರ್ತಿಯ ಮೈ ನೇರವಾಗಿದ್ದರೆ ಸಮಭಂಗ, ತುಸು ಬಾಗಿದ್ದರೆ ಆಭಂಗ, ತಲೆ, ಸೊಂಟ, ಕಾಲು ಮೂರು ಕಡೆ ಬಾಗಿದ್ದರೆ ತ್ರಿಭಂಗ. ಕೂತ ಮೂರ್ತಿ ಒಂದು ಕಾಲನ್ನು ಕೆಳಗಿಳಿಸಿದ್ದರೆ ಲಲಿತಾಸನ, ಎರಡೂ ಪಾದಗಳು ತೊಡೆಯ ಮೇಲಿದ್ದರೆ ಪದ್ಮಾಸನ.

ಆಮೇಲೆ ಕೈಗಳು. ಮೂರ್ತಿಯ ಬಲ ಎಂದರೆ ನಿಮ್ಮ ಎಡ, ಇದನ್ನು ಪುಟದ ತಲೆಯಲ್ಲೇ ಬರೆದಿಡಿ. ಖಾಲಿ ಕೈಯ ಸನ್ನೆ ಮುದ್ರೆ: ಅಂಗೈ ಎದುರಿಗೆ ತೋರಿಸಿ ಬೆರಳು ಮೇಲಾದರೆ ಅಭಯ, ಬೆರಳು ಕೆಳಗಾದರೆ ವರದ, ಸೊಂಟದ ಮೇಲಿಟ್ಟರೆ ಕಟ್ಯವಲಂಬಿತ, ನಟರಾಜನಂತೆ ಮೈಗೆ ಅಡ್ಡಲಾಗಿ ಆನೆಯ ಸೊಂಡಿಲಂತೆ ಇಳಿಬಿಟ್ಟರೆ ಗಜಹಸ್ತ. ಕೈಯಲ್ಲಿ ಹಿಡಿದದ್ದು ಆಯುಧ. ಕಮಲವೂ ಜಪಮಾಲೆಯೂ ಆ ಲೆಕ್ಕಕ್ಕೇ ಸೇರುತ್ತವೆ. ತ್ರಿಶೂಲ, ಡಮರು ಶಿವನವು. ಸ್ರುಕ್-ಸ್ರುವ ಎಂಬ ಹೋಮದ ಸೌಟುಗಳು ಮತ್ತು ಕಮಂಡಲು ಬ್ರಹ್ಮನವು. ಎರಡೂ ಕೈಯಲ್ಲಿ ಅರಳಿದ ಕಮಲ ಹಿಡಿದು ಪೀಠದಲ್ಲಿ ಏಳು ಕುದುರೆಗಳಿದ್ದರೆ ಸೂರ್ಯ.

ವಿಷ್ಣುವಿನಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಶಂಖ, ಚಕ್ರ, ಗದೆ, ಪದ್ಮ ಎಂಬ ನಾಲ್ಕನ್ನು ನಾಲ್ಕು ಕೈಗಳಲ್ಲಿ ಇಪ್ಪತ್ನಾಲ್ಕು ಬಗೆಯಾಗಿ ಹಂಚಬಹುದು. ಸಂಧ್ಯಾವಂದನೆಯಲ್ಲಿ ಹೇಳುವ ಕೇಶವ, ನಾರಾಯಣ, ಮಾಧವ ಮೊದಲಾದ 24 ಹೆಸರುಗಳು ಈ 24 ಹಂಚಿಕೆಗಳಿಗೆ ಸಲ್ಲುತ್ತವೆ. ಇವೇ ಚತುರ್ವಿಂಶತಿ ಮೂರ್ತಿಗಳು. ಕೇಶವನಿಗೆ ಮೇಲಿನ ಬಲಗೈಯಲ್ಲಿ ಶಂಖ, ಮೇಲಿನ ಎಡಗೈಯಲ್ಲಿ ಚಕ್ರ, ಕೆಳಗಿನ ಎಡಗೈಯಲ್ಲಿ ಗದೆ, ಕೆಳಗಿನ ಬಲಗೈಯಲ್ಲಿ ಪದ್ಮ. ಮೇಲಿನ ಎರಡು ಕೈಗಳ ಶಂಖಚಕ್ರ ಅದಲುಬದಲಾದರೆ ಅವನೇ ಜನಾರ್ದನ. ಗ್ರಂಥದಿಂದ ಗ್ರಂಥಕ್ಕೆ ಕೆಲವು ಹೆಸರುಗಳ ಹಂಚಿಕೆ ಬದಲಾಗುವುದರಿಂದ ಮೊದಲು ನಾಲ್ಕು ಕೈಗಳ ವಿವರ ಬರೆದು, ಹೆಸರನ್ನು ಆಮೇಲೆ ಪಟ್ಟಿಯೊಡನೆ ತಾಳೆ ನೋಡಿ. ಹೊಯ್ಸಳ ಗೋಡೆಗಳಲ್ಲಿ ಸಾಲಾಗಿ ನಿಂತ ವಿಷ್ಣುಮೂರ್ತಿಗಳೆಲ್ಲ ಒಂದೇ ತರ ಎಂದು ದಾಟಿಹೋಗುವವರನ್ನು ಕಂಡಾಗ ನಿಲ್ಲಿಸಿ ಹೇಳಬೇಕೆನಿಸುತ್ತದೆ, ಕೈಗಳನ್ನು ನೋಡಿ ಎಂದು.

ಮೂರನೆಯದು ತಲೆ. ಉದ್ದನೆಯ ಕೊಳವೆಯಂಥದು ಕಿರೀಟಮಕುಟ, ವಿಷ್ಣುವಿಗೆ. ಜಡೆಯನ್ನೇ ಎತ್ತಿ ಕಟ್ಟಿದ್ದು ಜಟಾಮಕುಟ, ಶಿವನಿಗೆ ಮತ್ತು ಬ್ರಹ್ಮನಿಗೆ. ಕರಡಿಗೆಗಳನ್ನು ಪೇರಿಸಿದಂತೆ ಇರುವುದು ಕರಂಡಮಕುಟ, ದೇವಿಯರಿಗೆ ಮತ್ತು ಪರಿವಾರದವರಿಗೆ. ಹರಿಹರನಲ್ಲಿ ಈ ಭೇದವೇ ಕೀಲಿ: ಒಂದೇ ತಲೆಯ ಬಲ ಅರ್ಧದಲ್ಲಿ ಜಟೆ, ಎಡ ಅರ್ಧದಲ್ಲಿ ಕಿರೀಟ. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಹರಿಹರನೂ ಅರ್ಧನಾರೀಶ್ವರನೂ ಇಬ್ಬರೂ ಇದ್ದಾರೆ, ಒಂದೇ ಭೇಟಿಯಲ್ಲಿ ಹೋಲಿಸಬಹುದು. ಗುಹೆಯ ಹೊರಗಿನ ಹದಿನೆಂಟು ಕೈಗಳ ನಟೇಶನ ಮುಂದೆ ಪ್ರತಿ ಕೈಯನ್ನೂ ಬರೆದುಕೊಳ್ಳಲು ಯತ್ನಿಸಿ.

ಕೊನೆಗೆ ವಾಹನ, ಪರಿವಾರ, ಕಾಲಕೆಳಗಿನ ಆಕೃತಿ. ಹಂಪಿಯಲ್ಲಿ 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಆದ, ಸುಮಾರು 6.7 ಮೀಟರ್ ಎತ್ತರದ ಏಕಶಿಲಾ ನರಸಿಂಹನನ್ನು ಜನ ಉಗ್ರನರಸಿಂಹ ಎನ್ನುತ್ತಾರೆ. ಹಿಂದೆ ಹೋಗಿ ನೋಡಿದರೆ ಅವನನ್ನು ಬಳಸಿದ ಲಕ್ಷ್ಮಿಯ ಕೈ ಉಳಿದಿದೆ. ತೊಡೆಯ ಮೇಲಿದ್ದ ದೇವಿ ಒಡೆದುಹೋಗಿದ್ದಾಳೆ, ಅದು ಲಕ್ಷ್ಮೀನರಸಿಂಹ. ಭಗ್ನವಾದ ಮೂರ್ತಿಯ ಸುತ್ತ ಒಮ್ಮೆ ಪೂರ್ತಿ ಬರದೆ ಹೆಸರು ಬರೆಯಬೇಡಿ.

ಪೂಜೆಯ ಗುಡಿಯಲ್ಲಿ ಸ್ಥಿರವಾದದ್ದು ಮೂಲವಿಗ್ರಹ, ಮೆರವಣಿಗೆಗೆ ಹೊರಡುವ ಲೋಹದ್ದು ಉತ್ಸವಮೂರ್ತಿ, ಮೂರ್ತಿಯ ಹಿಂದಿನ ಕಮಾನು ಪ್ರಭಾವಳಿ. ಶಿವಲಿಂಗದಲ್ಲಿ ನಮಗೆ ಕಾಣುವುದು ದುಂಡಾದ ರುದ್ರಭಾಗ ಮಾತ್ರ. ಎಂಟು ಮೂಲೆಯ ವಿಷ್ಣುಭಾಗ ಪೀಠದೊಳಗೆ, ಚೌಕದ ಬ್ರಹ್ಮಭಾಗ ಅದಕ್ಕೂ ಕೆಳಗೆ.

ಏಳನೆಯ ಹೆಜ್ಜೆ: ಬಸದಿ ಮತ್ತು ಸ್ತೂಪ

ಕಟ್ಟುವ ಕೈಗಳು ಹಲವೆಡೆ ಒಂದೇ ಆಗಿದ್ದರಿಂದ ಬಸದಿಯ ಅಧಿಷ್ಠಾನ, ನವರಂಗ, ಶಿಖರಗಳಿಗೆ ಮೇಲಿನ ಪದಗಳೇ ಸಾಕು. ಅತ್ತಿಮಬ್ಬೆ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮ ಜಿನಾಲಯ ನೋಡಿದರೆ ಇದು ಗೊತ್ತಾಗುತ್ತದೆ. ಹೊಸದಾಗಿ ಬೇಕಾಗುವ ಪದಗಳು ಕೆಲವೇ. ಬಸದಿಯ ಮುಂದಿನ ಎತ್ತರದ ಕಂಬ ಮಾನಸ್ತಂಭ. ತೀರ್ಥಂಕರರು ಇರುವುದು ಎರಡೇ ಭಂಗಿಯಲ್ಲಿ: ಪದ್ಮಾಸನ, ಅಥವಾ ಕೈ ಇಳಿಬಿಟ್ಟು ನಿಂತ ಕಾಯೋತ್ಸರ್ಗ. ತಲೆಯ ಮೇಲೆ ಒಂದರ ಮೇಲೊಂದು ಮೂರು ಕೊಡೆಗಳ ಮುಕ್ಕೊಡೆ, ಪಕ್ಕದಲ್ಲಿ ಯಕ್ಷ-ಯಕ್ಷಿಯರು. ಮುಖಗಳೆಲ್ಲ ಒಂದೇ ಶಾಂತಿಯಲ್ಲಿರುವುದರಿಂದ ಪೀಠದ ಲಾಂಛನವೇ ಗುರುತು: ಎತ್ತು ಆದಿನಾಥನಿಗೆ, ಜಿಂಕೆ ಶಾಂತಿನಾಥನಿಗೆ, ಶಂಖ ನೇಮಿನಾಥನಿಗೆ, ಸಿಂಹ ಮಹಾವೀರನಿಗೆ. ಪಾರ್ಶ್ವನಾಥನಿಗೆ ಹಾವಿನ ಹೆಡೆಗಳ ಕೊಡೆ. ಶ್ರವಣಬೆಳಗೊಳದ ಗೊಮ್ಮಟನಲ್ಲಿ ಲಾಂಛನವನ್ನೂ ಮುಕ್ಕೊಡೆಯನ್ನೂ ಹುಡುಕಬೇಡಿ. ಬಾಹುಬಲಿ ತೀರ್ಥಂಕರನಲ್ಲ, ಅವನ ಗುರುತು ಕಾಲುತೋಳುಗಳನ್ನು ಹಬ್ಬಿದ ಮಾಧವೀಲತೆ ಮತ್ತು ಪಕ್ಕದ ಹುತ್ತಗಳು.

ಸ್ತೂಪದಲ್ಲಿ ಒಳಗೆ ಹೋಗುವುದೆಂಬುದಿಲ್ಲ, ಸುತ್ತುವುದಷ್ಟೆ. ಸಾಂಚಿಯಲ್ಲಿ ನಿಂತು ಕೆಳಗಿನಿಂದ ಹೇಳಿಕೊಳ್ಳಿ: ಸುತ್ತಲಿನ ಕಲ್ಲಿನ ಬೇಲಿ ವೇದಿಕೆ, ಅದರ ಬಾಗಿಲು ತೋರಣ, ದುಂಡು ಕಟ್ಟೆ ಮೇಧಿ, ಅರ್ಧಗೋಳ ಅಂಡ, ನೆತ್ತಿಯ ಚೌಕ ಹರ್ಮಿಕಾ, ಅದರಿಂದೆದ್ದ ಕೋಲು ಯಷ್ಟಿ, ಮೇಲಿನ ಕೊಡೆ ಛತ್ರ. ಪೂಜೆಯ ಸಭಾಂಗಣ ಚೈತ್ಯ, ಭಿಕ್ಷುಗಳ ವಾಸ ವಿಹಾರ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಉಬ್ಬುಶಿಲ್ಪದ ಜೊತೆ ಬ್ರಾಹ್ಮಿಯಲ್ಲಿ ಅವನ ಹೆಸರೇ ಇದೆ. ಬುದ್ಧನ ಮೂರ್ತಿಯಲ್ಲಿ ನೆಲ ಮುಟ್ಟಿದ ಬಲಗೈ ಭೂಮಿಸ್ಪರ್ಶ, ಎದೆಯ ಮುಂದೆ ಎರಡೂ ಕೈಗಳ ಬೆರಳು ಕೂಡಿಸಿದ್ದು ಧರ್ಮಚಕ್ರ ಮುದ್ರೆ, ನೆತ್ತಿಯ ಉಬ್ಬು ಉಷ್ಣೀಷ.

ಕೊನೆಯ ಹೆಜ್ಜೆ: ಶಾಸನ, ಮತ್ತು ಎಲ್ಲಿಂದ ಆರಂಭ

ಗುಡಿಯ ಮುಂದೆ ನಿಲ್ಲಿಸಿದ ಶಾಸನಗಲ್ಲಿನ ಸಾರಾಂಶ ಅಲ್ಲಿನ ಫಲಕದಲ್ಲಿದ್ದು, ಕಾಲವನ್ನು ಶಕವರ್ಷದಲ್ಲಿ ಕೊಟ್ಟಿದ್ದರೆ, ಕ್ರಿ.ಶ.ಗೆ ತರಲು 78 ಕೂಡಿಸಿ. ಬಾದಾಮಿಯ ಮೂರನೆಯ ಗುಹೆಯ ಶಕ 500 ಹೀಗೆ 578 ಆಗುತ್ತದೆ, ಬೇಲೂರಿನ ಶಕ 1039 ಎಂದರೆ 1117. ವರ್ಷದ ಕೊನೆಯ ತಿಂಗಳುಗಳಾದರೆ ಒಂದು ವರ್ಷದ ವ್ಯತ್ಯಾಸ ಬರಬಹುದು.

ಮೊದಲ ಅಭ್ಯಾಸಕ್ಕೆ ಪಟ್ಟದಕಲ್ಲಿಗೆ ಹೋಗಿ. ನಾಗರ ಮತ್ತು ದ್ರಾವಿಡ ಒಂದೇ ಅಂಗಳದಲ್ಲಿ, ಒಂದೇ ಮರಳುಗಲ್ಲಿನಲ್ಲಿ ಪಕ್ಕಪಕ್ಕ ನಿಂತಿರುವ ಇಂಥ ಜಾಗ ಬೇರೆಲ್ಲೂ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಫಲಕಗಳನ್ನು ಓದದೆ, ಬರೀ ಆಮಲಕ ಮತ್ತು ಕೂಟ-ಶಾಲಗಳನ್ನು ನೋಡಿ ಗುಡಿಗಳನ್ನು ಎರಡು ಗುಂಪು ಮಾಡಿ. ಕಾಡಸಿದ್ಧೇಶ್ವರ, ಜಂಬುಲಿಂಗ, ಗಳಗನಾಥ, ಕಾಶಿವಿಶ್ವನಾಥ ಒಂದು ಕಡೆ ಬರಬೇಕು. ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ ಇನ್ನೊಂದು ಕಡೆ. ಆಮೇಲೆ ವಿರೂಪಾಕ್ಷದಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರನ್ನೂ, ಸರ್ವಸಿದ್ಧಿ ಆಚಾರಿಯ ಹೆಸರನ್ನೂ ಅಲ್ಲಿನ ಶಾಸನಗಳು ಹೇಳುತ್ತವೆ. ಅಲ್ಲಿಂದ ದಕ್ಷಿಣಕ್ಕೆ ನದಿಯ ದಂಡೆಯುದ್ದಕ್ಕೂ ನಡೆದು ಪಾಪನಾಥಕ್ಕೆ ಬನ್ನಿ. ಮೇಲೆ ನಾಗರ ಶಿಖರ, ಗೋಡೆಯಲ್ಲಿ ದ್ರಾವಿಡದ ಲಕ್ಷಣಗಳು, ರಾಮಾಯಣದ ದೃಶ್ಯಗಳು. ಅದನ್ನು ಯಾವ ಗುಂಪಿಗೂ ಸೇರಿಸಲು ಆತುರಪಡದೆ, ಪುಸ್ತಕದ ಒಂದು ಪುಟ ಅದಕ್ಕಾಗಿಯೇ ಬಿಟ್ಟು, ಕೆಳಗಿನಿಂದ ಮೇಲಕ್ಕೆ ಪ್ರತಿ ಭಾಗದ ಹೆಸರನ್ನೂ ಅದರ ಎದುರಿಗೇ ಬರೆಯಿರಿ.